ಮೋಡ ಯಾವ ಕಡೆ ಇದೆ ನೋಡಿ, ಆಮೇಲೆ ದಾರಿ ಆರಿಸಿ

ಪ್ರಶ್ನೆ: ಸರ್, ನಮ್ಮದು ಹೊಸನಗರದ ಹತ್ತಿರದ ಹಳ್ಳಿ. ಮಗಳು ತೈವಾನಿನ ಶಿನ್‌ಚು ಊರಿನಲ್ಲಿ ಚಿಪ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಅಡಿಕೆ ಕೊಯ್ಲು ಮುಗಿಸಿ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ಹನ್ನೆರಡು ದಿನಕ್ಕೆ ಹೋಗುವವರಿದ್ದೇವೆ. ನನಗೆ 51, ಅವರಿಗೆ 57. ವರ್ಷಕ್ಕೊಮ್ಮೆ ಕೊಡಚಾದ್ರಿ ಹತ್ತುತ್ತೇವೆ. ಹತ್ತುವಾಗ ತೊಂದರೆ ಇಲ್ಲ, ಇಳಿಯುವಾಗ ಅವರಿಗೆ ಮಂಡಿ ನೋವು. ಅಲ್ಲಿ ಬೆಟ್ಟದ ದಾರಿಗಳು ನೂರಾರು ಇವೆಯಂತೆ. ಮಗಳು ಫೋಟೊ ಕಳಿಸುತ್ತಾಳೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ನೋಟವೂ ಚೆನ್ನಾಗಿರಬೇಕು, ನಮ್ಮ ಕೈಲೂ ಆಗಬೇಕು. ಹೇಗೆ ಆರಿಸುವುದು? ಒಂದೇ ಒಂದು ದಾರಿ ಅಂದರೆ ಯಾವುದು?

ಉತ್ತರ: ಫೋಟೊಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ತೈವಾನಿನಲ್ಲಿ ದಾರಿ ಆರಿಸುವುದು ಅಂದರೆ ಮೊದಲು ಕಾಲ ಆರಿಸುವುದು. ಆಮೇಲೆ ದಿಕ್ಕು, ಆಮೇಲೆ ಎತ್ತರ. ಬೆಟ್ಟದ ಹೆಸರು ಕೊನೆಗೆ. ಹೆಚ್ಚಿನವರು ಹೆಸರಿನಿಂದ ಶುರು ಮಾಡುತ್ತಾರೆ. ಮೊದಲ ಸಲ ಹೋದಾಗ ನಾನೂ ಹಾಗೇ ಮಾಡಿದ್ದೆ.

ಅದು ಜನವರಿ. ತೈಪೆ ಪಕ್ಕದಲ್ಲೇ ಯಾಂಗ್‌ಮಿಂಗ್‌ಶಾನ್ ಅಂತ ಜ್ವಾಲಾಮುಖಿ ಬೆಟ್ಟಗಳ ಸಾಲು ಇದೆ. ಅದರಲ್ಲಿ ಎತ್ತರದ್ದು ಚೀಶಿಂಗ್, 1,120 ಮೀಟರ್. ಕೆಳಗೆ ಗಂಧಕದ ಹೊಗೆ, ಮೇಲೆ ಹುಲ್ಲುಗುಡ್ಡ, ಆಚೆ ಇಡೀ ತೈಪೆ ನಗರ. ಫೋಟೊದಲ್ಲಿ ನೋಡಿ ಮರುಳಾಗಿ ಹೋಗಿದ್ದೆ. ಹತ್ತಿದ್ದೂ ಆಯಿತು. ತುದಿಯಲ್ಲಿ ನನ್ನ ಮುಂದಿದ್ದವರ ಬೆನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ಜಿಟಿಜಿಟಿ ಮಳೆ, ಚಳಿಗಾಳಿ, ಸುತ್ತ ಬಿಳಿ ಮಂಜು. ಸಂಜೆ ದಕ್ಷಿಣದ ಜಿಯಾಯಿ ಊರಿನಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನಿಂದ ಸುಡುಬಿಸಿಲು, ಹಾಸಿಗೆ ಬಟ್ಟೆ ಒಗೆದು ಒಣಗಿಸಿದೆ ಅಂದ. ರೈಲಿನಲ್ಲಿ ಹೋದರೆ ಎರಡು ಗಂಟೆ ಕೂಡ ಆಗದ ದೂರ ಅದು.

ಇದು ನಮಗೆ ಹೊಸ ವಿಷಯವೇ ಅಲ್ಲ, ಅಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ಎರಡೂವರೆ ಗಂಟೆ ಬಸ್ಸಿನಲ್ಲಿ ಬಂದರೆ ಶಿವಮೊಗ್ಗ. ಆಗುಂಬೆಯಲ್ಲಿ ಜಡಿಮಳೆ ಹಿಡಿದ ದಿನ ಇಲ್ಲಿ ಕೊಡೆಯೇ ಬೇಡ ಅನ್ನುವಂತಿರುತ್ತದೆ. ಘಟ್ಟದ ಗೋಡೆ ಮೋಡವನ್ನು ತಡೆದು ನಿಲ್ಲಿಸುತ್ತದೆ. ತೈವಾನಿನಲ್ಲೂ ಅದೇ ಲೆಕ್ಕ. ದ್ವೀಪದ ಉದ್ದ ಸುಮಾರು 390 ಕಿಲೋಮೀಟರ್, ಅಗಲ ಜಾಸ್ತಿ ಅಂದರೆ 140. ಅಷ್ಟು ಚಿಕ್ಕ ಜಾಗದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಬೆನ್ನುಮೂಳೆಯಂತೆ ಬೆಟ್ಟದ ಸಾಲು. 3,000 ಮೀಟರ್ ಮೀರಿದ ಶಿಖರಗಳೇ 260ಕ್ಕಿಂತ ಹೆಚ್ಚು. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಮುಟ್ಟುವುದಿಲ್ಲ. ಆ ಗೋಡೆ ಎಷ್ಟು ದೊಡ್ಡದು ಅಂತ ಇದರಿಂದ ಅಂದಾಜು ಮಾಡಿ.

ಚಳಿಗಾಲದಲ್ಲಿ, ಅಂದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಗಾಳಿ ಈಶಾನ್ಯದಿಂದ ಬೀಸುತ್ತದೆ. ಸಮುದ್ರದ ಮೇಲಿನ ತೇವವನ್ನೆಲ್ಲ ತಂದು ತೈಪೆ, ಯಿಲಾನ್ ಕಡೆ ಸುರಿಯುತ್ತದೆ. ಮಧ್ಯ ಮತ್ತು ದಕ್ಷಿಣದ ಪಶ್ಚಿಮ ಭಾಗ ಆಗ ಒಣಗಿರುತ್ತದೆ. ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅವರ 'ಪ್ಲಮ್ ಮಳೆ'. ಪ್ಲಮ್ ಹಣ್ಣಾಗುವ ಹೊತ್ತಿಗೆ ಬರುವ ಮಳೆ ಅಂತ ಆ ಹೆಸರು. ನಾವು ಮಳೆಗೆ ಆರಿದ್ರ, ಪುನರ್ವಸು ಅಂತ ಹೆಸರಿಡುವ ಹಾಗೆ ಅವರದ್ದೂ ಒಂದು. ಜುಲೈನಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ. 2009ರ ಆಗಸ್ಟ್‌ನಲ್ಲಿ ಮೊರಾಕಾಟ್ ಅನ್ನುವ ಚಂಡಮಾರುತ ಬಂದಾಗ ಅಲಿಶಾನ್ ಬೆಟ್ಟದಲ್ಲಿ ಐದೇ ದಿನದಲ್ಲಿ 2,700 ಮಿಲಿಮೀಟರ್ ಮೀರಿ ಮಳೆ ಸುರಿಯಿತು. ಆಗುಂಬೆಯ ಇಡೀ ವರ್ಷದ ಮಳೆಯಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ. ಗುಡ್ಡ ಜರಿದು ಊರುಗಳೇ ಮುಚ್ಚಿಹೋದವು.

ಹಾಗಾಗಿ ನೀವು ಕೊಯ್ಲು ಮುಗಿಸಿ ಹೊರಡುವುದು ಒಳ್ಳೆಯದೇ. ಮಾರ್ಚ್ ಅಥವಾ ಏಪ್ರಿಲ್ ಅಂದಿದ್ದೀರಿ. ನಾನಾದರೆ ಏಪ್ರಿಲ್ ಎರಡನೇ ವಾರ ಇಡುತ್ತೇನೆ. ಮಾರ್ಚ್ ಮಧ್ಯದಿಂದ ಅಲಿಶಾನ್‌ನಲ್ಲಿ ಚೆರ್ರಿ ಹೂವಿನ ಕಾಲ. ನೋಡಲು ಚೆಂದವೇ, ಆದರೆ ಕಾಲಿಡಲು ಜಾಗ ಇರುವುದಿಲ್ಲ, ಕೋಣೆಯೂ ಸಿಗುವುದಿಲ್ಲ. ಏಪ್ರಿಲ್ 4-5ರ ಆಸುಪಾಸಿಗೆ ಚಿಂಗ್‌ಮಿಂಗ್ ಹಬ್ಬ. ಹಿರಿಯರ ಸಮಾಧಿಗಳನ್ನು ಗುಡಿಸಿ, ತೊಳೆದು ಪೂಜೆ ಮಾಡುವ ದಿನ. ನಮ್ಮ ಪಿತೃಪಕ್ಷದ ಹಾಗೆ ಅಂದುಕೊಳ್ಳಿ. ಸಾಲು ರಜೆ ಇರುವುದರಿಂದ ಇಡೀ ದೇಶ ರೈಲಿನಲ್ಲಿರುತ್ತದೆ. ಅದು ಮುಗಿದ ಮೇಲೆ, ಪ್ಲಮ್ ಮಳೆ ಶುರುವಾಗುವ ಮೊದಲು, ನಡುವೆ ಒಂದು ತಿಂಗಳು ನೆಮ್ಮದಿಯ ಕಾಲ ಸಿಗುತ್ತದೆ. ತಿಂಗಳ ಕೊನೆಯವರೆಗೆ ಇದ್ದರೆ ಶಿನ್‌ಚು ಸುತ್ತಲಿನ ಗುಡ್ಡಗಳಲ್ಲಿ ತುಂಗ್ ಮರಗಳು ಬಿಳಿ ಹೂ ಉದುರಿಸಲು ಶುರು ಮಾಡಿರುತ್ತವೆ. ರಾತ್ರಿ ಮಿಂಚುಹುಳವೂ ಇರುತ್ತದೆ.

ಈಗ ಎತ್ತರ. ಅಲ್ಲಿ ಬೆಟ್ಟ ಹತ್ತುವುದು ಅಂದರೆ ಒಂದೇ ದಿನದಲ್ಲಿ ಹಲವು ದೇಶ ದಾಟಿದ ಹಾಗೆ. ಬುಡದಲ್ಲಿ ಬಿದಿರು, ಮರದಷ್ಟು ಎತ್ತರದ ಜರಿಗಿಡ, ಬಾಳೆ. ಆಮೇಲೆ ಅಡಿಕೆ. ಹೌದು, ಅಡಿಕೆ! ದಕ್ಷಿಣದ ಗುಡ್ಡಗಳ ಇಳಿಜಾರಿನಲ್ಲಿ ತೋಟವೇ ತೋಟ. ಅವರು ಎಳೆಕಾಯಿಯನ್ನು ಸಿಪ್ಪೆ ಸಮೇತ ಸುಣ್ಣ ಹಚ್ಚಿ ಜಗಿಯುತ್ತಾರೆ. ನಮ್ಮವರು ಕಣಿವೆಯ ತಂಪಿನಲ್ಲಿ, ಬಸಿಗಾಲುವೆ ತೆಗೆದು ತೋಟ ಮಾಡಿದರು. ಅಲ್ಲಿ ಕಾಡು ಕಡಿದು ಕಡಿದಾದ ಇಳಿಜಾರಿನಲ್ಲಿ ನೆಟ್ಟರು. ಅಡಿಕೆ ಬೇರು ಆಳಕ್ಕೆ ಹೋಗುವುದಿಲ್ಲ, ಮಣ್ಣು ಹಿಡಿದಿಡುವುದಿಲ್ಲ ಅಂತ ಅಲ್ಲಿ ದೊಡ್ಡ ಚರ್ಚೆಯೇ ಇದೆ. ನಿಮ್ಮ ಯಜಮಾನರು ಒಂದು ತೋಟದ ಬದಿಯಲ್ಲಿ ಖಂಡಿತ ನಿಲ್ಲುತ್ತಾರೆ. ಅದಕ್ಕೂ ಅರ್ಧ ಗಂಟೆ ಇಟ್ಟುಕೊಳ್ಳಿ.

2,000 ಮೀಟರ್ ಆಸುಪಾಸಿಗೆ ಬಂದರೆ ಮಂಜಿನ ಕಾಡು, ದೈತ್ಯ ಸೈಪ್ರೆಸ್ ಮರಗಳು. 3,000 ದಾಟಿದರೆ ಫರ್ ಮರ, ಅದಕ್ಕೂ ಮೇಲೆ ಮೊಣಕಾಲೆತ್ತರದ ಕುಳ್ಳ ಬಿದಿರು ಹಾಸಿದ ಬೋಳುಗುಡ್ಡ. ದೂರದಿಂದ ನೋಡಿದರೆ ನಮ್ಮ ಬ್ಯಾಣದ (ಹುಲ್ಲುಗಾವಲಿನ) ಹಾಗೇ ಕಾಣುತ್ತದೆ. ಪ್ರತಿ 1,000 ಮೀಟರಿಗೆ ಸುಮಾರು ಆರು ಡಿಗ್ರಿ ಚಳಿ ಜಾಸ್ತಿಯಾಗುತ್ತದೆ. ಕೆಳಗೆ 25 ಡಿಗ್ರಿ ಅಂತ ಹತ್ತಿ ಸೀರೆ, ತೆಳು ಅಂಗಿಯಲ್ಲಿ ಹೊರಟರೆ ಮೇಲೆ ಐದಾರು ಡಿಗ್ರಿಯಲ್ಲಿ ನಡುಗಬೇಕಾಗುತ್ತದೆ.

ಯಾವ ಎತ್ತರದ ನೋಟ ಬೇಕು ಅಂತ ಮೊದಲು ನೀವಿಬ್ಬರೂ ಕೂತು ಮಾತಾಡಿ. ಸಮುದ್ರ ಕಾಣಬೇಕೇ, ದೊಡ್ಡ ಮರ ಕಾಣಬೇಕೇ, ಕಾಲ ಕೆಳಗೆ ಮೋಡ ಕಾಣಬೇಕೇ? ಮೂರಕ್ಕೂ ಬೇರೆ ಬೇರೆ ಜಾಗ.

ಸಮುದ್ರ ಬೇಕಾದರೆ ತ್ಸಾವ್‌ಲಿಂಗ್ ಹಳೆಯ ದಾರಿ. ಈಶಾನ್ಯ ಮೂಲೆಯಲ್ಲಿದೆ. ಸುಮಾರು ಎಂಟೂವರೆ ಕಿಲೋಮೀಟರ್, ನಿಧಾನ ನಡೆದರೆ ನಾಲ್ಕು ಗಂಟೆ. ಗೊಂಗ್‌ಲಿಯಾವ್ ಸ್ಟೇಷನ್ನಿನಲ್ಲಿ ಇಳಿದು ನಡೆಯಲು ಶುರು ಮಾಡಿ, ಗುಡ್ಡ ದಾಟಿ, ಆಚೆ ಸಮುದ್ರದ ದಡದ ದಾಲಿ ಸ್ಟೇಷನ್ನಿನಲ್ಲಿ ಮತ್ತೆ ರೈಲು ಹತ್ತಬಹುದು. ಬಂದ ದಾರಿಯಲ್ಲೇ ವಾಪಸ್ ಬರುವ ಗೋಜಿಲ್ಲ. ನನಗೆ ಈ ದಾರಿಯ ಮೇಲೆ ವಿಶೇಷ ಪ್ರೀತಿ. ರೈಲು, ರಸ್ತೆ ಇಲ್ಲದ ಕಾಲದಲ್ಲಿ ಜನ ತಲೆಹೊರೆ ಹೊತ್ತು ಯಿಲಾನ್ ಬಯಲಿಗೆ ದಾಟುತ್ತಿದ್ದ ದಾರಿ ಇದು. ನಿಮ್ಮ ಕಡೆ ಬಿದನೂರು ನಗರದಿಂದ ಘಟ್ಟ ಇಳಿದು ಕುಂದಾಪುರದತ್ತ ಎತ್ತಿನ ಹೇರು ಹೋಗುತ್ತಿತ್ತಲ್ಲ, ಅದೇ ತರಹ. ನೆತ್ತಿಯ ಹತ್ತಿರ ಬಂಡೆಯ ಮೇಲೆ 'ಹುಲಿ' ಅನ್ನುವ ಒಂದೇ ಅಕ್ಷರ ದೊಡ್ಡದಾಗಿ ಕೆತ್ತಿದ್ದಾರೆ. 1867ರಲ್ಲಿ ಲಿಯು ಮಿಂಗ್‌ದೆಂಗ್ ಎಂಬ ಸೇನಾಧಿಕಾರಿ ಇಲ್ಲಿ ದಾಟುವಾಗ ಗಾಳಿ ತಡೆಯಲಾರದಷ್ಟು ಬೀಸುತ್ತಿತ್ತಂತೆ. ಗಾಳಿ ಹುಲಿಯ ಮಾತು ಕೇಳುತ್ತದೆ ಅನ್ನುವ ನಂಬಿಕೆಯಿಂದ ಆ ಅಕ್ಷರ ಕೆತ್ತಿಸಿದ. ಅಲ್ಲಿಂದ ನಾಲ್ಕು ಹೆಜ್ಜೆ ಹತ್ತಿದರೆ ಗುಡ್ಡ ದಾಟುವ ನೆತ್ತಿ. ಒಮ್ಮೆಲೇ ಇಡೀ ಪೆಸಿಫಿಕ್ ಸಮುದ್ರ ಕಣ್ಣೆದುರು ತೆರೆಯುತ್ತದೆ, ನೀರಿನ ಮೇಲೆ ಆಮೆಯಾಕಾರದ ದ್ವೀಪ. ಎತ್ತರ ಮುನ್ನೂರು ಚಿಲ್ಲರೆ ಮೀಟರ್ ಅಷ್ಟೇ. ಆದರೆ ಎತ್ತರಕ್ಕೂ ನೋಟಕ್ಕೂ ಸಂಬಂಧ ಇಲ್ಲ ಅನ್ನುವುದು ಅಲ್ಲಿ ನಿಂತರೆ ಗೊತ್ತಾಗುತ್ತದೆ. ನಮ್ಮ ಕುಂದಾದ್ರಿಯ ಮೇಲೆ ನಿಂತಾಗಲೂ ಹಾಗೇ ಅನಿಸುತ್ತದೆ.

ಒಂದೇ ತೊಡಕು. ಇದು ಮಳೆಯ ಮೂಲೆ. ಹಿಂದಿನ ದಿನ ಸಂಜೆ ಹವಾಮಾನ ನೋಡಿ, ಮೋಡ ಇಲ್ಲ ಅಂದರೆ ಮಾತ್ರ ಬೆಳಿಗ್ಗೆ ಹೊರಡಿ. ದಾಲಿ ಕಡೆ ಇಳಿಯುವಲ್ಲಿ ಕಲ್ಲಿನ ಮೆಟ್ಟಿಲು ಇದೆ, ಒದ್ದೆಯಾದರೆ ಜಾರುತ್ತದೆ. ನಿಮ್ಮ ಯಜಮಾನರಿಗೆ ಕೋಲು ಇರಲಿ.

ದೊಡ್ಡ ಮರ ಬೇಕಾದರೆ ಅಲಿಶಾನ್. 'ಶಾನ್' ಅಂದರೆ ಬೆಟ್ಟ, ನಮ್ಮ ಕೊಡಚಾದ್ರಿ, ಕುಂದಾದ್ರಿಯಲ್ಲಿ ಕೊನೆಗೆ 'ಅದ್ರಿ' ಬರುವ ಹಾಗೆ. ಜಪಾನೀಯರ ಆಳ್ವಿಕೆಯಲ್ಲಿ ಸೈಪ್ರೆಸ್ ಮರ ಸಾಗಿಸಲು ಇಲ್ಲಿಗೆ ರೈಲು ಹಾಕಿದರು. ಜಿಯಾಯಿಯ 30 ಮೀಟರ್ ಎತ್ತರದಿಂದ ಅಲಿಶಾನ್‌ನ 2,216 ಮೀಟರ್‌ಗೆ, 71 ಕಿಲೋಮೀಟರ್ ಸುತ್ತಿ ಸುತ್ತಿ ಹತ್ತುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ನಮ್ಮ ಕಾಡು ಇದ್ದಿಲಾಗಿ ಹೋದದ್ದನ್ನು ಹಿರಿಯರಿಂದ ಕೇಳಿದವರಿಗೆ ಆ ಬೃಹತ್ ಬೊಡ್ಡೆಗಳ ನಡುವೆ ನಡೆಯುವಾಗ ಸಂಕಟವಾಗುತ್ತದೆ. ಉಳಿದ ಮರಗಳನ್ನು ಈಗ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ನಾನು ಹೇಳಿದ ಮೊರಾಕಾಟ್ ಮಳೆ ಈ ರೈಲು ದಾರಿಯನ್ನು ಕಿತ್ತುಹಾಕಿತ್ತು. ಪೂರ್ತಿ ಮತ್ತೆ ಶುರುವಾದದ್ದು 2024ರ ಜುಲೈನಲ್ಲಿ, ಅಂದರೆ ಹದಿನೈದು ವರ್ಷಗಳ ಮೇಲೆ.

ಮರಗಳ ನಡುವಿನ ದಾರಿ ಹಲಗೆ ಹಾಸಿದ್ದು, ಮಂಡಿಗೆ ತೊಂದರೆ ಇಲ್ಲ. ಅಲ್ಲಿ ಎರಡು ರಾತ್ರಿ ಉಳಿಯಿರಿ. ಒಂದೇ ರಾತ್ರಿ ಉಳಿದರೆ ಒಂದೇ ಬೆಳಗು ಸಿಗುತ್ತದೆ, ಅದು ಮಂಜಿನ ಬೆಳಗಾಗಿದ್ದರೆ ಮುಗಿಯಿತು. ಎರಡನೇ ದಿನ ಹವೆ ಚೆನ್ನಾಗಿದ್ದರೆ ತಾಶಾನ್ ದಾರಿ ಹಿಡಿಯಬಹುದು. 2,663 ಮೀಟರ್, ಹೋಗಿ ಬರಲು ಅರ್ಧ ದಿನ. ಹಳೆಯ ರೈಲು ಹಳಿಯ ಪಕ್ಕ, ಕಾಡಿನ ನೆರಳಿನಲ್ಲಿ ಹೋಗಿ ಕೊನೆಗೆ ಮೆಟ್ಟಿಲು ಏರಬೇಕು. ಆ ಬೆಟ್ಟ ಅಲ್ಲಿನ ಮೂಲನಿವಾಸಿ ತ್ಸೊ ಜನರಿಗೆ ಪವಿತ್ರ. ಸತ್ತವರ ಆತ್ಮ ಅಲ್ಲಿಗೆ ಹೋಗಿ ಸೇರುತ್ತದೆ ಅಂತ ಅವರ ನಂಬಿಕೆ. ಕೊಡಚಾದ್ರಿಯ ಸರ್ವಜ್ಞ ಪೀಠದ ಹತ್ತಿರ ನಾವು ಹೇಗೆ ದನಿ ತಗ್ಗಿಸುತ್ತೇವೋ ಅಲ್ಲೂ ಹಾಗೇ ಇರೋಣ.

ಯೂಶಾನ್ ಬಗ್ಗೆ ಮಗಳು ಹೇಳಿಯೇ ಇರುತ್ತಾಳೆ. 3,952 ಮೀಟರ್, ದ್ವೀಪದ ಅತಿ ಎತ್ತರದ ಶಿಖರ. ಅಲ್ಲಿಗೆ ಅನುಮತಿ ಬೇಕು, ಮಲಗಲು ಬೆಟ್ಟದ ಮೇಲಿನ ಪೈಯುನ್ ತಂಗುಮನೆಯಲ್ಲಿ ಜಾಗ ಸಿಗಬೇಕು, ಅದಕ್ಕೆ ಲಾಟರಿ ಎತ್ತುತ್ತಾರೆ. ಹೊರದೇಶದವರು ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಲು ಬೇರೆ ವ್ಯವಸ್ಥೆಯೂ ಇದೆ. ಆದರೂ ಈ ಸಲ ಬೇಡ ಅಂತಲೇ ನನ್ನ ಸಲಹೆ. ಕಾರಣ ಹತ್ತುವುದಲ್ಲ, ಇಳಿಯುವುದು. ದಾರಿ ಶುರುವಾಗುವುದು ಸುಮಾರು 2,600 ಮೀಟರ್‌ನಲ್ಲಿ. ಎರಡನೇ ದಿನ ನಸುಕಿನಲ್ಲಿ ತುದಿ ಮುಟ್ಟಿ, ಅದೇ ದಿನ 10.9 ಕಿಲೋಮೀಟರ್ ಕೆಳಗಿಳಿಯಬೇಕು. ಎತ್ತರದ ಲೆಕ್ಕದಲ್ಲಿ 1,350 ಮೀಟರ್ ಇಳಿತ. ಕೊಡಚಾದ್ರಿಯ ಎತ್ತರ 1,343. ಅಂದರೆ ಕೊಡಚಾದ್ರಿಯ ತುದಿಯಿಂದ ಸಮುದ್ರದ ಮಟ್ಟದವರೆಗೆ ಒಂದೇ ದಿನದಲ್ಲಿ ಇಳಿದ ಹಾಗೆ, ಅದೂ ಗಾಳಿ ತೆಳುವಾದ ಜಾಗದಲ್ಲಿ, ನಿದ್ದೆಗೆಟ್ಟ ಮೈಯಲ್ಲಿ. ನಿಮ್ಮ ಯಜಮಾನರ ಮಂಡಿ ನೆನಪಿಸಿಕೊಳ್ಳಿ.

ಕೊಡಚಾದ್ರಿಯೇ ನಿಮ್ಮ ಅಳತೆಗೋಲಾಗಲಿ. ಯಾವ ದಾರಿಯ ವಿವರ ನೋಡಿದರೂ ಎರಡು ಅಂಕಿ ಹುಡುಕಿ: ಒಟ್ಟು ದೂರ ಎಷ್ಟು, ಒಟ್ಟು ಏರು ಎಷ್ಟು. ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನುವುದು ಚಾರಣದವರ ಹಳೆಯ ಲೆಕ್ಕ. ಅದು ಗಟ್ಟಿ ಕಾಲಿನವರ ಲೆಕ್ಕ. ನೀವು ಅದಕ್ಕೆ ಅರ್ಧ ಸೇರಿಸಿ. ಇಳಿತ ಮೆಟ್ಟಿಲಿನದೇ ಆಗಿದ್ದರೆ ಇನ್ನೂ ಸೇರಿಸಿ. ಅಲ್ಲಿ ನಗರದ ಹತ್ತಿರದ ದಾರಿಗಳೆಲ್ಲ ಕಲ್ಲು ಮೆಟ್ಟಿಲೇ. ತೈಪೆಯ ಆನೆ ಬೆಟ್ಟ ಬರೀ 183 ಮೀಟರ್, ಎಲ್ಲರೂ ಸುಲಭ ಅನ್ನುತ್ತಾರೆ. ಆದರೆ ಬುಡದಿಂದ ತುದಿಯವರೆಗೆ ಮೆಟ್ಟಿಲು. ನಮ್ಮ ಮಣ್ಣು ದಾರಿಗೆ ಹೊಂದಿಕೊಂಡ ಮಂಡಿಗೆ ಅದು ಹಿಡಿಸುವುದಿಲ್ಲ.

ಪೂರ್ವದ ತಾರೊಕೊ ಕಮರಿಯ ಚಿತ್ರಗಳನ್ನೂ ನೋಡಿರುತ್ತೀರಿ. ಅಮೃತಶಿಲೆಯ ಗೋಡೆಗಳ ನಡುವೆ ಹರಿಯುವ ನದಿ. 2024ರ ಏಪ್ರಿಲ್ 3ರಂದು ಹುವಾಲಿಯನ್ ಭಾಗದಲ್ಲಿ ದೊಡ್ಡ ಭೂಕಂಪವಾಯಿತು. ಅಲ್ಲಿನ ಬಹುಪಾಲು ಕಾಲುದಾರಿಗಳು ಬಂಡೆ ಉರುಳಿ ಮುಚ್ಚಿಹೋದವು. ಸರಿಪಡಿಸಲು ವರ್ಷಗಳೇ ಬೇಕು. ಹಾಗಾಗಿ ಹಳೆಯ ಬರಹ ಓದಿ ಅಲ್ಲಿಗೆ ಹೊರಡಬೇಡಿ. ಎಲ್ಲ ದಾರಿಗೂ ಈ ಮಾತು ಅನ್ವಯಿಸುತ್ತದೆ. ಭೂಕಂಪ, ಮಳೆ ಎರಡೂ ಇರುವ ದ್ವೀಪ ಅದು, ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ರಾಷ್ಟ್ರೀಯ ಉದ್ಯಾನಗಳ ಮತ್ತು ಅರಣ್ಯ ಇಲಾಖೆಯ ತಾಣಗಳಲ್ಲಿ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಅಂತ ಹಾಕುತ್ತಾರೆ. ಹಿಂದಿನ ರಾತ್ರಿ ಮಗಳಿಗೆ ಹೇಳಿ ನೋಡಿಸಿ.

ಕಾಡಿನ ಉಪದ್ರವ ನಿಮಗೆ ಹೊಸದಲ್ಲ. ತಗ್ಗಿನ ಒದ್ದೆ ಕಾಡಿನಲ್ಲಿ ಉಂಬಳ ಇದೆ. ಮಂಗಗಳಿವೆ, ತಿಂಡಿ ಕೊಡುವಂತಿಲ್ಲ. ದಾರಿ ಬದಿಯಲ್ಲಿ ನಮ್ಮ ತುರಿಕೆ ಸೊಪ್ಪಿನಂಥ ಗಿಡ ಇದೆ, ಅವರು ಅದನ್ನು 'ಕಚ್ಚುವ ಬೆಕ್ಕು' ಅನ್ನುತ್ತಾರೆ. ಎಲೆ ಹೃದಯದಾಕಾರ, ಅಂಚು ಗರಗಸದಂತೆ. ಜಾರುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ಅಲ್ಲಿ ಬೇಡ. ಹಾವೂ ಇವೆ, ಹಸಿರು ಬಿದಿರು ಮಂಡಲವಂತೂ ಎಲೆಯ ನಡುವೆ ಕಾಣುವುದೇ ಇಲ್ಲ. ತುರ್ತಿಗೆ 119, ಅದು ಸಿಗದಿದ್ದರೆ 112.

ಊಟದ ಚಿಂತೆ ಬೇಡ. ಸಸ್ಯಾಹಾರದ ಹೋಟೆಲುಗಳು ಊರೂರಲ್ಲಿವೆ, ಬೋರ್ಡಿನ ಮೇಲೆ ಸ್ವಸ್ತಿಕದಂಥ ಗುರುತು ಇರುತ್ತದೆ. ಬೆಟ್ಟಕ್ಕೆ ಹೋಗುವ ದಿನ ಮಾತ್ರ ನಿಮ್ಮದೇ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಊರಿಂದ ಮಗಳಿಗೆ ಅಂತ ತಾಜಾ ಹಣ್ಣು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ.

ಹನ್ನೆರಡು ದಿನವನ್ನು ಹೇಗೆ ಹಂಚುವುದು? ದಿನಾಂಕ ಹಾಕಿ ಕಟ್ಟಿಹಾಕಬೇಡಿ. ಮೊದಲೆರಡು ದಿನ ಶಿನ್‌ಚು ಹತ್ತಿರದ ಶಿತೌಶಾನ್, ಅಂದರೆ ಸಿಂಹದ ತಲೆಯ ಬೆಟ್ಟ, ಸಾಕು. 500 ಮೀಟರ್ ಕೂಡ ಇಲ್ಲ. ಗುಹೆಗಳಲ್ಲಿ ಬೌದ್ಧ ಗುಡಿಗಳು, ನೆರಳು, ಹಳೆಯ ಕಲ್ಲುದಾರಿ. ಕಾಲು ಹೇಗಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಪ್ರತಿ ಸಂಜೆ ಮೋಡದ ನಕ್ಷೆ ನೋಡಿ. ಉತ್ತರದಲ್ಲಿ ತಿಳಿಯಾಗಿದ್ದರೆ ತ್ಸಾವ್‌ಲಿಂಗ್. ಉತ್ತರದಲ್ಲಿ ಮುಸುಕಿದ್ದರೆ ವೇಗದ ರೈಲು ಹತ್ತಿ ಜಿಯಾಯಿ, ಅಲ್ಲಿಂದ ಅಲಿಶಾನ್. ಅಲಿಶಾನ್‌ನಲ್ಲಿ ಕೋಣೆ ಮೊದಲೇ ಹಿಡಿಯಬೇಕಾಗುತ್ತದೆ ನಿಜ. ವಾರದ ನಡುವಿನ ದಿನ ಇಟ್ಟುಕೊಂಡರೆ ಬದಲಾಯಿಸುವುದು ಸುಲಭ.

ಒಂದೇ ದಾರಿ ಅಂದರೆ ಯಾವುದು ಅಂತ ಕೇಳಿದ್ದೀರಿ. ಕಾಲ ಕೆಳಗೆ ಮೋಡ ಕಾಣುವ, ಮಧ್ಯ ತೈವಾನಿನ ಹೆಹುವಾನ್‌ಶಾನ್. ಹೆದ್ದಾರಿಯೇ 3,275 ಮೀಟರ್ ಎತ್ತರದ ವೂಲಿಂಗ್ ಘಟ್ಟದ ನೆತ್ತಿಯವರೆಗೆ ಹೋಗುತ್ತದೆ. ನಮ್ಮಲ್ಲಿ ಕೊಡಚಾದ್ರಿಗೆ ಜೀಪು ಹೋಗುವ ಹಾಗೆ, ಆದರೆ ದಾರಿ ನುಣ್ಣಗಿದೆ. ಅಲ್ಲಿಂದ ರಸ್ತೆಯಲ್ಲಿ ಸ್ವಲ್ಪ ಕೆಳಗಿಳಿದು ಮುಂದೆ ಹೋದರೆ ಶಿಮೆನ್ ಶಿಖರ, 3,237 ಮೀಟರ್. ರಸ್ತೆಬದಿಯಿಂದ ಅರ್ಧ ಗಂಟೆಯ ನಿಧಾನ ಏರು, ಅನುಮತಿ ಚೀಟಿ ಬೇಡ. ಕಾಲಿಗೆ ಶಕ್ತಿ ಉಳಿದರೆ ಹತ್ತಿರದ 3,417 ಮೀಟರಿನ ಮುಖ್ಯ ಶಿಖರಕ್ಕೂ ಹೋಗಬಹುದು. ಅದು ಹಿಂದೆ ಸೇನೆಯವರು ಬಳಸುತ್ತಿದ್ದ ಅಗಲವಾದ ರಸ್ತೆ, ಮೆಟ್ಟಿಲಿಲ್ಲ, ಇಳಿಯುವಾಗ ಮಂಡಿ ತಕರಾರು ಮಾಡುವುದಿಲ್ಲ. ನಾನು ಏಪ್ರಿಲ್‌ನ ಒಂದು ಬೆಳಿಗ್ಗೆ ಏಳಕ್ಕೆ ಶಿಮೆನ್ ಮೇಲೆ ನಿಂತಿದ್ದೆ. ಕುಳ್ಳ ಬಿದಿರಿನ ಮೇಲೆ ಇಬ್ಬನಿ, ಪೂರ್ವದ ಕಣಿವೆ ತುಂಬ ಮೋಡ ಹಾಲಿನ ಹಾಗೆ ನಿಂತಿತ್ತು. ಅದರಾಚೆ ಒಂದರ ಹಿಂದೊಂದು ನೀಲಿ ಬೆಟ್ಟ. ಹತ್ತಿರ ನಿಂತಿದ್ದ ಅಜ್ಜಿಯೊಬ್ಬರು ನನ್ನ ಕೈಗೆ ಬಿಸಿ ಚಹಾದ ಲೋಟ ಕೊಟ್ಟರು. ಭಾಷೆ ಗೊತ್ತಿರಲಿಲ್ಲ. ಇಬ್ಬರೂ ಸುಮ್ನೆ ನೋಡುತ್ತಾ ನಿಂತೆವು.

ಒಂದು ಎಚ್ಚರ. ಬಯಲಿನಿಂದ ನೇರವಾಗಿ ಕಾರಿನಲ್ಲಿ 3,000 ಮೀಟರ್ ಏರಿದರೆ ಕೆಲವರಿಗೆ ತಲೆನೋವು, ವಾಕರಿಕೆ ಬರುತ್ತದೆ. ಹಿಂದಿನ ರಾತ್ರಿ ಅರ್ಧ ದಾರಿಯ ಚಿಂಗ್‌ಜಿಂಗ್‌ನಲ್ಲಿ ಉಳಿದು, ನೀರು ಚೆನ್ನಾಗಿ ಕುಡಿದು, ಬೆಳಗಿನ ಜಾವ ಹೊರಡಿ. ಮೇಲೆ ತಲೆ ಸಿಡಿಯಲು ಶುರುವಾದರೆ ಮಾತ್ರೆ ನುಂಗಿ ಕಾಯಬೇಡಿ, ಕೆಳಗಿಳಿಯಿರಿ. ಹನ್ನೊಂದರ ಮೇಲೆ ಕಣಿವೆಯ ಮೋಡ ಎದ್ದು ಬಂದು ಶಿಖರವನ್ನು ನುಂಗುತ್ತದೆ. ಅಷ್ಟರೊಳಗೆ ನೋಡಿ ಮುಗಿಸಿ ರಸ್ತೆಗೆ ಬಂದಿರಬೇಕು. ನಡೆಯುವ ಕೋಲುಗಳನ್ನು ಕೈಚೀಲದಲ್ಲಿ ಇಡಬೇಡಿ, ವಿಮಾನಕ್ಕೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಎರಡು ಜೊತೆ ಒಯ್ಯಿರಿ, ನಿಮಗೂ ಬೇಕಾಗುತ್ತದೆ.